ಕಲ್ಲುಬಾನಿಯ ನೀರು

ದನಗಳಿಗೆ ಮೇವು ಕಲಸಿಡುವ ಕಲ್ಲುಬಾನಿಯ ತಳಕ್ಕೆ ಕೈಹಾಕಿ, ಬೆರಳಿಗೆ ಅಂಟಿದ ಲೋಳೆಯನ್ನು ಮೂಗಿನ ಹತ್ತಿರ ಒಯ್ದ ಉಜ್ಜನಪ್ಪ ತಟ್ಟನೆ ಮುಖ ಹಿಂದಕ್ಕೆಳೆದುಕೊಂಡರು. ಈರುಳ್ಳಿ ಹೆಚ್ಚಿದಾಗ ಬರುವಂತೆ ಕಣ್ಣಲ್ಲಿ ನೀರು ಬಂತು.

ಕಮಲಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರವೇ ನಿಂತಿದ್ದಳು. ಏನು ಸಿಕ್ಕಿತು ಎಂದು ಕೇಳುವ ಧೈರ್ಯ ಅವಳಿಗಿರಲಿಲ್ಲ.

ಉಜ್ಜನಪ್ಪ ಅಂಗಿಯ ಜೇಬಿನಿಂದ ಬೆಂಕಿಪೊಟ್ಟಣದಷ್ಟು ಸಣ್ಣ ಪುಸ್ತಕವೊಂದನ್ನು ತೆಗೆದರು. ಅದು ಲಿಟ್ಮಸ್ ಕಾಗದದ ಪುಸ್ತಕ. ಹರಿಹರದ ಪಶು ಆಸ್ಪತ್ರೆಯಲ್ಲಿ ಮೂವತ್ತನಾಲ್ಕು ವರ್ಷ ಕಾಂಪೌಂಡರ್ ಆಗಿ ದುಡಿದು, ನಿವೃತ್ತರಾಗಿ ಎರಡು ವರ್ಷವಾದರೂ ಅದನ್ನು ಬಿಟ್ಟಿರಲಿಲ್ಲ. ಬೇರೆ ಗಂಡಸರ ಜೇಬಿನಲ್ಲಿ ಎಲೆಅಡಿಕೆ ಇದ್ದರೆ ನಿಮ್ಮ ಜೇಬಿನಲ್ಲಿ ದನದ ಉಚ್ಚೆ ನೋಡುವ ಕಾಗದ ಎಂದು ಹೆಂಡತಿ ಶಕುಂತಲಮ್ಮ ದಾವಣಗೆರೆಯ ಎಂ.ಸಿ.ಸಿ. ಬಿ ಬ್ಲಾಕಿನ ಮನೆಯಲ್ಲಿ ದಿನಾ ರೇಗಿಸುತ್ತಿದ್ದರು. ಉಜ್ಜನಪ್ಪ ಒಂದು ಕೆಂಪು ಹಾಳೆ ಹರಿದು ಲೋಳೆಗೆ ತಾಗಿಸಿದರು. ಹಾಳೆ ನೀಲಿಗೆ ತಿರುಗಿತು, ಅಂದರೆ ಲೋಳೆಯಲ್ಲಿ ಕ್ಷಾರವಿತ್ತು.

ಮೂರು ದಿನದ ಹಿಂದೆ, ಕೊಂಡಜ್ಜಿ ಊರಿನ ಈ ಹಿತ್ತಿಲಲ್ಲಿ, ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕಮಲಕ್ಕನ ನಾಲ್ಕೂ ಆಕಳು ಒಂದರ ಹಿಂದೊಂದು ನಡುಗಿ, ಹೊಟ್ಟೆ ಉಬ್ಬಿ, ಬಾಯಲ್ಲಿ ನೊರೆ ಬಂದು ಸತ್ತಿದ್ದವು. ವಿಷ ಹಾಕಿದವನೆಂದು ಅವಳ ಗಂಡನ ಅಣ್ಣ ಸಣ್ಣತಿಮ್ಮಪ್ಪನನ್ನು ನಿನ್ನೆ ಸಂಜೆ ಹರಿಹರದ ಪೊಲೀಸರು ಹಿಡಿದುಕೊಂಡು ಹೋಗಿದ್ದರು.

ಕೊಯ್ದು ನೋಡಿದ ಪಶು ವೈದ್ಯರು ಹೊಟ್ಟೆ ತೆರೆದಾಗ ಕಣ್ಣುರಿಯುವ ವಾಸನೆ ಬಂತೆಂದು ಬರೆದು, ಶೀಶೆಗಳನ್ನು ಬೆಂಗಳೂರಿಗೆ ಕಳಿಸಿದ್ದರು. ಉತ್ತರ ಬರಲು ಒಂದು ತಿಂಗಳು ಬೇಕು. ಸಬ್ ಇನ್ಸ್‌ಪೆಕ್ಟರ್ ವಿಜಯಕುಮಾರ್ ಕೊಟ್ಟ ಗಡುವು ಇವತ್ತು ಸಂಜೆ ನಾಲ್ಕರ ತನಕ. ನಾಲ್ಕಕ್ಕೆ ಕಮಲಕ್ಕ ಠಾಣೆಗೆ ಬಂದು ದೂರಿಗೆ ಸಹಿ ಹಾಕಬೇಕು, ಆಮೇಲೆ ಸಣ್ಣತಿಮ್ಮಪ್ಪನನ್ನು ಕೋರ್ಟಿಗೆ ಕರೆದೊಯ್ಯುತ್ತಾರೆ. ಅಪರಾಧ ಸಾಬೀತಾದರೆ ಐದು ವರ್ಷದ ತನಕ ಶಿಕ್ಷೆ. ಜಾಮೀನು ಸಿಕ್ಕೀತು, ಆದರೆ ಆಕಳಿಗೆ ವಿಷ ಹಾಕಿದವನು ಎಂಬ ಹೆಸರಿಗೆ ಯಾವ ಕೋರ್ಟಿನಲ್ಲೂ ಜಾಮೀನಿಲ್ಲ. ಅರವತ್ತೆರಡು ವರ್ಷದ ಸಣ್ಣತಿಮ್ಮಪ್ಪ ಆ ಹೆಸರು ಹೊತ್ತು ಕೊಂಡಜ್ಜಿಯಲ್ಲಿ ಒಂದು ದಿನವೂ ಬದುಕುವವನಲ್ಲ ಎಂದು ಉಜ್ಜನಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಮೂವತ್ತಾರು ವರ್ಷದ ಗೆಳೆತನ ಅದು.

ಅವನ ಮೇಲಿನ ಸಾಕ್ಷಿಯೇನೂ ಸಣ್ಣದಲ್ಲ. ಪಕ್ಕದ ಮನೆಯ ಕೆಂಚಕ್ಕ ಅವತ್ತು ಕಮಲಕ್ಕ ಊರಲ್ಲಿಲ್ಲದ್ದರಿಂದ ಬೆಳಿಗ್ಗೆ ಎಂಟಕ್ಕೆ ಹಾಲು ಕರೆಯಲು ಬಂದಾಗ, ಅವನು ಖಾಲಿ ಕೊಡ ಹಿಡಿದು ಈ ಹಿತ್ತಿಲಿನಿಂದ ಹೊರಗೆ ಹೋಗುವುದನ್ನು ಕಣ್ಣಾರೆ ಕಂಡಿದ್ದಳು. ಅಣ್ಣತಮ್ಮಂದಿರ ಎರಡು ಮನೆಗಳ ನಡುವೆ ಮಾತು ನಿಂತು ಹನ್ನೆರಡು ವರ್ಷವಾಗಿತ್ತು. ಪಾಲಾದಾಗ ಬಾವಿಯ ದಾರಿಯ ಜಗಳಕ್ಕೆ ಸಣ್ಣತಿಮ್ಮಪ್ಪ ಸಿಟ್ಟಿನ ಭರದಲ್ಲಿ ಹರಿಹರೇಶ್ವರನ ಗುಡಿಗೆ ಹೋಗಿ, ಐದು ಜನರೆದುರು, ಇನ್ನು ಜೀವ ಇರುವ ತನಕ ತಮ್ಮನ ಹಿತ್ತಿಲಿಗೆ ಕಾಲಿಡುವುದಿಲ್ಲ ಎಂದು ಆಣೆ ಮಾಡಿದ್ದ. ತಮ್ಮ ಸತ್ತ ದಿನವೂ ಓಣಿಯ ಕೊನೆಯಲ್ಲಿ ನಿಂತು ಅತ್ತನೇ ಹೊರತು ಒಳಗೆ ಬರಲಿಲ್ಲ. ಈಗ ಪೊಲೀಸರೆದುರು ಒಂದೇ ಮಾತು ಹಿಡಿದು ಕೂತಿದ್ದ: ನಾನು ಆ ಹಿತ್ತಿಲಿಗೆ ಹೋಗೇ ಇಲ್ಲ. ಕಂಡವಳು ಎದುರಿಗಿರುವಾಗ ಇಂಥ ಸುಳ್ಳು ಹೇಳುವವನನ್ನು ಯಾವ ಇನ್ಸ್‌ಪೆಕ್ಟರ್ ನಂಬುತ್ತಾನೆ?

ಉಜ್ಜನಪ್ಪ ಕೈ ಒರೆಸಿಕೊಂಡು, ಈ ಬಾನಿಯನ್ನು ದಿನಾ ಬಳಸುತ್ತೀಯಾ ಎಂದು ಕಮಲಕ್ಕನನ್ನು ಕೇಳಿದರು.

"ಎಲ್ಲಿ ಬಳಸ್ತೀನ್ರಿ. ಚೀಲದ ಫೀಡು ಬಂದ ಮ್ಯಾಲೆ ಈ ಬಾನಿ ಮುಟ್ಟಿ ಐದಾರು ವರ್ಷ ಆತು. ಕೋಳಿ ಮೊಟ್ಟೆ ಇಡ್ತಿದ್ವು ಇದ್ರಾಗೆ. ಫೀಡು ಪುಟ್ಟ್ಯಾಗೆ ಹಾಕಿ ಒಣದೇ ಇಡ್ತೀನಿ."

ನೆನೆಸುವುದಿಲ್ಲ ಯಾಕೆ ಎಂದು ಕೇಳಿದ್ದಕ್ಕೆ, ಚೀಲ ತಂದುಕೊಡುವ ಏಜೆಂಟು ಮೊದಲ ದಿನವೇ ಎಚ್ಚರಿಕೆ ಹೇಳಿದ್ದ ಎಂದಳು. ನೆನೆಸಿದರೆ ಸತ್ವ ಹೋಗುತ್ತದಂತೆ. ಊರಿನಲ್ಲಿ ತುಂಗಾಧೇನು ಫೀಡು ಹಾಕುವ ಇಪ್ಪತ್ತು ಮನೆಗೂ ಅವನು ಹಾಗೇ ಹೇಳಿದ್ದ. ಎಲ್ಲರೂ ಒಣದೇ ಹಾಕುತ್ತಿದ್ದರು.

ಆದರೆ ಬಾನಿಯಲ್ಲಿ ಈಗ ಮೊಟ್ಟೆಯೂ ಇರಲಿಲ್ಲ, ಹುಲ್ಲೂ ಇರಲಿಲ್ಲ. ಯಾರೋ ಅದನ್ನು ತಿಕ್ಕಿ ತೊಳೆದು, ಫೀಡು ಸುರಿದು, ನೀರು ತುಂಬಿದ್ದರು. ತಳದಲ್ಲಿ ನೀರು ಬಿಡುವ ತೂತಿಗೆ ಬೆಣೆಯನ್ನೂ ಹಾಕಿದ್ದರು.

ಉಜ್ಜನಪ್ಪ ಬಗ್ಗಿ ಆ ಬೆಣೆಯನ್ನು ಎಳೆದು ತೆಗೆದರು. ಜೋಳದ ದಂಟಿನ ಗೇಣುದ್ದದ ತುಂಡು, ಅದಕ್ಕೆ ಸುತ್ತಿದ ಹಳೆ ಪಂಚೆಯ ಚೂರು, ಮೇಲೆ ಬಾಳೆನಾರಿನ ಮೂರು ಸುತ್ತು. ಅದನ್ನು ನೋಡುತ್ತಲೇ ಅವರಿಗೆ ಗುರುತು ಸಿಕ್ಕಿತು. ಬಾನಿಯ ಅಂಚಿನ ಮೇಲೇ ಕೂತರು.

ಈ ಬೆಣೆ ಅಂಜಿನವ್ವನದು. ಅಂದರೆ ಅವಳ ಕೈಯ ರೀತಿ. ಅಂಜಿನವ್ವ ಎಂದರೆ ಸಣ್ಣತಿಮ್ಮಪ್ಪನ ತಾಯಿ, ತೀರಿಕೊಂಡು ಎಷ್ಟೋ ಕಾಲವಾಗಿತ್ತು.

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ, ಇನ್ನೂ ಮೀಸೆ ಸರಿಯಾಗಿ ಬಲಿಯದ ಕಾಂಪೌಂಡರ್ ಉಜ್ಜನಪ್ಪ, ಹರಿಹರದಿಂದ ಸೈಕಲ್ಲಿನಲ್ಲಿ ಕೊಂಡಜ್ಜಿಯ ಕೆರೆ ಏರಿಯ ಮೇಲೆ ಬರುತ್ತಿದ್ದರು. ಕ್ಯಾರಿಯರಿನಲ್ಲಿ ಔಷಧದ ಪೆಟ್ಟಿಗೆ, ಹ್ಯಾಂಡಲ್ಲಿಗೆ ನೀರಿನ ಬಾಟಲಿ. ಈ ಹಿತ್ತಿಲಿಗೆ ಬಂದರೆ ಅಂಜಿನವ್ವ ಮೊದಲು ರೊಟ್ಟಿ ತಿನ್ನಿಸಿ ಆಮೇಲೆ ಆಕಳ ಮಾತೆತ್ತುತ್ತಿದ್ದಳು. ಹಿಂದಿನ ಸಂಜೆಯೇ ಹತ್ತಿಕಾಳು ನೆನೆಹಾಕಿ, ಬೆಳಿಗ್ಗೆ ಒರಳಿನಲ್ಲಿ ರುಬ್ಬಿ, ಹಿಂಡಿಯ ಜೊತೆ ಈ ಬಾನಿಯಲ್ಲಿ ಕಲಸಿ, ಕಲಗಚ್ಚು ಸುರಿದು, ಮೊಳಕೈ ತನಕ ಕೈ ಇಳಿಸಿ ಹದ ನೋಡುವಳು. ಆಕಳಿಗೆ ಮೇಲಿನ ಮುಂದಿನ ಹಲ್ಲೇ ಇಲ್ಲ, ಅಗಿಯುವ ಕೆಲಸ ಅರ್ಧ ನಾವೇ ಮಾಡಿಕೊಡಬೇಕು ಎನ್ನುವಳು. ಅವಳ ಕೆಂದಾಕಳು ಬಾನಿಗೆ ಬಾಯಿ ಹಾಕಿ ಸೊರ ಸೊರ ಹೀರುವ ಸದ್ದು ಕೆರೆ ಏರಿಗೆ ಕೇಳುತ್ತಿತ್ತು.

ಆ ಸದ್ದು ಈಗಲೂ ಉಜ್ಜನಪ್ಪನವರ ಕಿವಿಯಲ್ಲಿತ್ತು. ಎಂಥ ಒಳ್ಳೆಯ ದಿನಗಳು ಅವು! ಸಂಬಳ ಸಾಲುತ್ತಿರಲಿಲ್ಲ, ಸೈಕಲ್ಲಿನ ಚೈನು ದಿನಾ ಬೀಳುತ್ತಿತ್ತು, ಆದರೂ ಯಾವ ಹಿತ್ತಿಲಿಗೆ ಹೋದರೂ ಮಗನ ಹಾಗೆ ಕಾಣುತ್ತಿದ್ದರು. ಅವರೂ ಊರೂರಿಗೆ ಹೋಗಿ, ಕೊಂಡಜ್ಜಿಯ ಅಂಜಿನವ್ವನ ಹಂಗೆ ನೆನೆಸಿ ಕೊಡ್ರಿ, ಆಕಳು ಹೆಂಗೆ ಹಾಲು ಕೊಡ್ತಾವೆ ನೋಡ್ರಿ ಎಂದು ಟಾಂ ಟಾಂ ಹೊಡೆದಿದ್ದರು.

ದಂಟಿಗೆ ಬಟ್ಟೆ ಸುತ್ತಿ ನಾರು ಬಿಗಿಯುವುದನ್ನು ಅಂಜಿನವ್ವ ಕಲಿಸಿದ್ದು ಇಬ್ಬರು ಮಕ್ಕಳಿಗೆ ಮಾತ್ರ. ಅದರಲ್ಲಿ ಕಿರಿಯವನು, ಕಮಲಕ್ಕನ ಗಂಡ, ಸತ್ತು ಎಂಟು ವರ್ಷ.

ಉಜ್ಜನಪ್ಪ ಬೆಣೆಯನ್ನು ಮೆಲ್ಲಗೆ ಜೇಬಿಗಿಳಿಸಿದರು. ಕಮಲಕ್ಕನಿಗೆ ಏನನ್ನೂ ಹೇಳಲಿಲ್ಲ. ಆಕಳು ಎಷ್ಟು ಹೊತ್ತು ಹಸಿದಿದ್ದವು ಎಂದು ಮಾತ್ರ ಕೇಳಿದರು.

ಅವಳ ಕಣ್ಣು ತುಂಬಿತು. ಮಗಳು ಅಂಬಿಕಾಳಿಗೆ ಹೆರಿಗೆ ನೋವು ಬಂತೆಂದು ಹಿಂದಿನ ದಿನ ಮಧ್ಯಾಹ್ನ ದಾವಣಗೆರೆಗೆ ಓಡಿದ್ದಳು. ಸಂಜೆ ಬಂದೇನು ಅಂದುಕೊಂಡವಳು ಮೊಮ್ಮಗ ಹುಟ್ಟುವ ತನಕ ಅಲ್ಲೇ ಉಳಿಯಬೇಕಾಯಿತು. ಕೆಂಚಕ್ಕ ಸಂಜೆ ಹಾಲು ಕರೆದು ಹೋದಳೇ ಹೊರತು ಮೇವು ಹಾಕುವುದನ್ನು ಮರೆತಿದ್ದಳು. ಬೆಳಗಿನ ತನಕ ಆಕಳು ಅಂಬಾ ಅಂಬಾ ಎಂದು ಕೂಗುತ್ತಿದ್ದವಂತೆ.

ಫೀಡಿನ ಚೀಲದಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಹರಡಿ ನೋಡಿದರು. ತೌಡು, ನುಚ್ಚು, ಹಿಂಡಿಯ ಚೂರು, ನಡುವೆ ಸಾಬುದಾನಿಯಂಥ ಬಿಳಿ ಕಾಳು. ಇನ್ನೊಂದು ಹಿಡಿಯಲ್ಲಿ ಆ ಬಿಳಿ ಕಾಳು ಮುದ್ದೆಗಟ್ಟಿಕೊಂಡೇ ಇತ್ತು.

ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಉಜ್ಜನಪ್ಪ ತಮ್ಮ ಟಿವಿಎಸ್ ಏರಿ ದಾವಣಗೆರೆಯ ಹಾದಿ ಹಿಡಿದರು. ದಾರಿಯುದ್ದಕ್ಕೂ ಅವರ ಲೆಕ್ಕಾಚಾರ ಒಂದೇ. ಫೀಡಿನಲ್ಲೇ ವಿಷವಿತ್ತು ಎಂದು ತೋರಿಸಿಬಿಟ್ಟರೆ ಸಾಕು, ನೀರು ಸುರಿದವರು ಯಾರೆಂಬ ಮಾತೇ ಏಳುವುದಿಲ್ಲ. ಸಣ್ಣತಿಮ್ಮಪ್ಪ ಬಿಡುಗಡೆಯಾಗುತ್ತಾನೆ, ಅವನಿಗೆ ಏನೂ ತಿಳಿಯದೆಯೇ ಉಳಿಯುತ್ತದೆ.

*

ತುಂಗಾಧೇನು ಫೀಡು ತಯಾರಾಗುವ ಆ ಮಿಲ್ಲಿನ ಗೇಟಿನೊಳಗೆ ಉಜ್ಜನಪ್ಪ ಕಾಲಿಟ್ಟು ಹತ್ತು ವರ್ಷವೇ ಆಗಿತ್ತೇನೋ. ದಾವಣಗೆರೆ ಜಿಲ್ಲೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ, ಗೋಡೆಯ ಬೋರ್ಡಿನಲ್ಲಿ ಚಿತ್ರದುರ್ಗ ಜಿಲ್ಲೆ ಎಂಬ ಅಕ್ಷರಗಳು ಸುಣ್ಣದಡಿಯಿಂದ ಇಣುಕುತ್ತಿದ್ದವು.

ಉಜ್ಜನಪ್ಪನವರ ತಂದೆ ಈ ಮಿಲ್ಲಿನಲ್ಲೇ ತೂಕ ಹಾಕುತ್ತಿದ್ದರು. ಊರಿನ ಹತ್ತಿ ಗಿರಣಿಗಳ ಭೋಂಗಾ ಒಂದಾದ ಮೇಲೊಂದು ಕೂಗುತ್ತಿದ್ದ ಕಾಲ. ಗಡಿಯಾರವಿಲ್ಲದ ಮನೆಗಳೆಲ್ಲ ಆ ಕೂಗಿಗೇ ಏಳುತ್ತಿದ್ದವು, ಉಣ್ಣುತ್ತಿದ್ದವು. ಶಾಲೆ ಬಿಟ್ಟು ಬಂದ ಉಜ್ಜನಪ್ಪನಿಗೆ ಮಿಲ್ಲಿನ ಸಾಹುಕಾರರು ಗಾಣದಿಂದ ಆಗಷ್ಟೇ ಇಳಿದ ಬಿಸಿ ಶೇಂಗಾ ಹಿಂಡಿಯ ಚೂರಿನ ಮೇಲೆ ಬೆಲ್ಲವಿಟ್ಟು ಕೊಡುತ್ತಿದ್ದರು. ಅದರ ರುಚಿ ಆಮೇಲೆ ಯಾವ ಹೋಟೆಲ್ಲಿನ ಮಿಠಾಯಿಯಲ್ಲೂ ಸಿಕ್ಕಿರಲಿಲ್ಲ. ಗಿರಣಿಗಳು ಮುಚ್ಚಿದವು, ಹತ್ತಿಕಾಳು ಬರುವುದು ಕಡಿಮೆಯಾಯಿತು, ಸಾಹುಕಾರರೂ ತೀರಿಕೊಂಡರು. ಗಾಣ ಮುರಿದುಹಾಕಿ ಪಶು ಆಹಾರ ಶುರುಮಾಡಿದವನು ಅವರ ಮಗ ನಾಗಭೂಷಣ್.

"ಬರ್ರಿ ಕಾಕಾ, ಕೂಡ್ರಿ," ಎಂದು ನಾಗಭೂಷಣ್ ಎದ್ದು ಬಂದು ಕಾಲು ಮುಟ್ಟಿದ. ನಿಜಲಿಂಗಪ್ಪ ಬಡಾವಣೆಯಲ್ಲಿ ಹೊಸ ಮನೆ ಕಟ್ಟಿಸಿದ್ದ, ಗೃಹಪ್ರವೇಶಕ್ಕೆ ಬರಲಿಲ್ಲವೆಂದು ಮುನಿಸು ತೋರಿಸಿದ. ಅವನ ಪ್ರೀತಿಯಲ್ಲಿ ನಟನೆಯೇನೂ ಇರಲಿಲ್ಲ, ಅದೇ ಉಜ್ಜನಪ್ಪನವರಿಗೆ ಕಷ್ಟವಾದದ್ದು.

ಫೀಡು ಕಲಸುವ ಜಾಗ ನೋಡಬೇಕು ಎಂದರು. ನಾಗಭೂಷಣ್ ಒಂದು ಗಳಿಗೆ ತಡವರಿಸಿ, ಆಮೇಲೆ ತಾನೇ ಕರೆದುಕೊಂಡು ಹೋದ.

ಕರೆಂಟು ಇರಲಿಲ್ಲ. ಕಲಸುವ ಯಂತ್ರ ಸುಮ್ಮನೆ ನಿಂತಿತ್ತು. ಆಳುಗಳು ನೆಲದ ಮೇಲೆ ತೌಡು, ಹಿಂಡಿ, ನುಚ್ಚಿನ ರಾಶಿ ಹಾಕಿ ಸಲಿಕೆಯಿಂದ ಮಗುಚುತ್ತಿದ್ದರು. ರಾಶಿಯ ಒಂದು ಮೂಲೆಯಲ್ಲಿ ಬಿಳಿ ಕಾಳು ಹಾಗೇ ಗುಡ್ಡೆಯಾಗಿ ಉಳಿದಿತ್ತು, ಇನ್ನೊಂದು ಮೂಲೆಯಲ್ಲಿ ಹೆಸರಿಗೂ ಇರಲಿಲ್ಲ. ಒಂದು ಚೀಲಕ್ಕೆ ಮುದ್ದೆ ಮುದ್ದೆ, ಇನ್ನೊಂದಕ್ಕೆ ಸೊನ್ನೆ. ಕರೆಂಟು ಹೋದ ದಿನವೆಲ್ಲ ಹೀಗೇ ಎಂದು ಆಳೊಬ್ಬ ತಾನಾಗೇ ಹೇಳಿದ. ಪಕ್ಕದಲ್ಲಿ, ಮೇಲಿನ ಅಕ್ಷರ ಕಾಣದಂತೆ ಒಳಗು ಹೊರಗು ಮಾಡಿ ಮಗುಚಿದ ಚೀಲವೊಂದು ಬಾಯ್ದೆರೆದು ನಿಂತಿತ್ತು.

ಇದೇನು ಎಂದು ಕೇಳಿದ್ದಕ್ಕೆ, ಖನಿಜ ಮಿಶ್ರಣ, ಉಪ್ಪು, ಸುಣ್ಣ ಎಂದ ನಾಗಭೂಷಣ್.

ಉಜ್ಜನಪ್ಪ ಕುಡಿಯಲು ನೀರು ಬೇಕೆಂದರು. ಸ್ಟೀಲಿನ ದೊಡ್ಡ ಲೋಟದಲ್ಲಿ ನೀರು ಬಂತು. ಮಾರ್ಚ್ ತಿಂಗಳ ಬಿಸಿಲಿಗೆ ನೀರೂ ಬೆಚ್ಚಗಿತ್ತು. ಅರ್ಧ ಚೆಲ್ಲಿ, ಮಗುಚಿದ ಚೀಲದಿಂದ ಎರಡು ಹಿಡಿ ಬಿಳಿ ಕಾಳು ತೆಗೆದು ಅದರೊಳಗೆ ಹಾಕಿ, ಬೆರಳಿನಿಂದ ತಿರುವಿ, ಲೋಟವನ್ನು ನಾಗಭೂಷಣನ ಕೈಗಿಟ್ಟರು.

"ಹಿಡ್ಕೊ."

ನಾಗಭೂಷಣ್ ಹಿಡಿದ. ಲೋಟದ ಮೈ ತಣ್ಣಗಾಗುತ್ತಾ ಹೋಯಿತು. ನೋಡನೋಡುತ್ತಿದ್ದಂತೆ ಹೊರಗೆಲ್ಲ ಬೆವರಿನಂತೆ ನೀರಹನಿ ಕಟ್ಟಿತು.

"ಉಪ್ಪು ಕರಗಿದ್ರೆ ಹಿಂಗೆ ತಣ್ಣಗಾಗಲ್ಲಪ್ಪ. ಯೂರಿಯಾ ಕರಗಿದ್ರೆ ಆಗ್ತೈತೆ. ಹೊಲಕ್ಕೆ ಹಾಕೋದನ್ನ ಆಕಳ ಬಾಯಿಗೆ ಹಾಕೀಯ."

ಆಳುಗಳು ಸಲಿಕೆ ನಿಲ್ಲಿಸಿದರು. ನಾಗಭೂಷಣ್ ಅವರನ್ನು ಚಾ ಕುಡಿಯಲು ಕಳಿಸಿ, ಲೋಟ ಕೆಳಗಿಟ್ಟು, ಶಾಂತವಾಗಿಯೇ ಮಾತಾಡಿದ. ಯೂರಿಯಾ ವಿಷವಲ್ಲ, ಮೆಲುಕು ಹಾಕುವ ದನಕ್ಕೆ ನೂರಕ್ಕೆ ಒಂದು ಪಾಲು ಕೊಡಬಹುದೆಂದು ಪುಸ್ತಕದಲ್ಲೇ ಇದೆ ಎಂದ. ಹತ್ತಿಕಾಳಿನ ಹಿಂಡಿ ಸಿಗದ ಕಾಲದಲ್ಲಿ ಬೇರೆ ದಾರಿಯಿಲ್ಲ ಎಂದ. ಪ್ರಯೋಗಾಲಯದ ಕಾಗದದಲ್ಲಿ ತನ್ನ ಫೀಡಿನ ಪ್ರೋಟೀನು ಊರಿಗೇ ಹೆಚ್ಚು ಎಂದೂ ಹೇಳಿದ.

ಅವನು ಹೇಳಿದ ಮೊದಲಿನದೆಲ್ಲ ನಿಜ, ಅದು ಉಜ್ಜನಪ್ಪನವರಿಗೂ ಗೊತ್ತಿತ್ತು. ಆಕಳ ಮೊದಲ ಹೊಟ್ಟೆ ಎಂದರೆ ಒಳಗೆ ಕೋಟಿ ಕೋಟಿ ಸೂಕ್ಷ್ಮಜೀವಿಗಳು ಕೆಲಸ ಮಾಡುವ ದೊಡ್ಡ ಹಂಡೆ. ಯೂರಿಯಾ ಅಲ್ಲಿ ಅಮೋನಿಯ ಆಗುತ್ತದೆ, ಅಮೋನಿಯವನ್ನು ತಿಂದು ಆ ಜೀವಿಗಳು ಬೆಳೆಯುತ್ತವೆ, ಆ ಜೀವಿಗಳನ್ನೇ ಆಕಳು ಮುಂದಿನ ಹೊಟ್ಟೆಯಲ್ಲಿ ಜೀರ್ಣಿಸಿಕೊಳ್ಳುತ್ತದೆ. ಸ್ವಲ್ಪ ಸ್ವಲ್ಪವಾಗಿ, ದಿನವಿಡೀ, ಒಣ ಮೇವಿನ ಜೊತೆ ಇಳಿದರೆ ಎಲ್ಲ ಸರಾಗ. ಹಸಿದ ಹೊಟ್ಟೆಗೆ ಒಮ್ಮೆಲೇ ಇಳಿದರೆ ಆ ಜೀವಿಗಳ ಕೈ ಮೀರಿ ಅಮೋನಿಯ ರಕ್ತಕ್ಕೆ ಹೋಗುತ್ತದೆ. ಆಮೇಲೆ ಒಂದು ಗಂಟೆ ಸಾಕು. ಆಗ ಯಾರಾದರೂ ಅಮೋನಿಯವನ್ನು ಅಡಗಿಸುವ ವಿನೆಗರ್ ಒಂದೆರಡು ಬಾಟಲಿ ಬಾಯಿಗೆ ಹುಯ್ದಿದ್ದರೆ ಒಂದಾದರೂ ಉಳಿಯುತ್ತಿತ್ತೇನೋ ಎಂದು ನೆನೆದು ಅವರಿಗೆ ಸಂಕಟವಾಯಿತು. ಪ್ರಯೋಗಾಲಯದ ಕಾಗದದ ಮಾತು ಮಾತ್ರ ಮೋಸದ್ದು. ಅಲ್ಲಿ ಅಳೆಯುವುದು ಸಾರಜನಕವನ್ನು, ಅದು ಹಿಂಡಿಯಿಂದ ಬಂತೋ ಗೊಬ್ಬರದಿಂದ ಬಂತೋ ಎಂದು ಯಾರೂ ಕೇಳುವುದಿಲ್ಲ.

"ಒಣದೇ ಕೊಡ್ರಿ ಅಂತ ಏಜೆಂಟಿನ ಕೈಲಿ ಮನೆ ಮನೆಗೆ ಹೇಳಿಸೀಯ. ಸತ್ವ ಹೋಗ್ತೈತೆ ಅಂತ ಸುಳ್ಳು ಕಾರಣ ಕೊಡಿಸೀಯ. ನೆನೆಸಿದ್ರೆ ದನ ಸಾಯ್ತಾವೆ ಅಂತ ಚೀಲದ ಮ್ಯಾಲೆ ಯಾಕ ಬರೆಸಿಲ್ಲ?"

ನಾಗಭೂಷಣ್ ಒದ್ದೆಯಾಗಿದ್ದ ಅಂಗೈ ಒರೆಸಿಕೊಂಡ. ಅವನ ಮುಖದಲ್ಲಿ ಸಾಹುಕಾರರ ಹೋಲಿಕೆ ಎದ್ದು ಕಾಣುತ್ತಿತ್ತು. ಒಂದು ಕ್ಷಣ ಉಜ್ಜನಪ್ಪನವರಿಗೆ, ಇವನು ಈಗ ತಪ್ಪೊಪ್ಪಿಕೊಳ್ಳುತ್ತಾನೆ, ತಂದೆಯ ಹೆಸರು ಉಳಿಸುತ್ತಾನೆ ಎಂದೇ ಅನಿಸಿತು.

"ಕಾಕಾ, ಕೊಂಡಜ್ಜಿಯಾಗೆ ಇಪ್ಪತ್ತು ಮನೆಗೆ ಇದೇ ಫೀಡು ಹೋಗೈತೆ. ಒಂದು ಕರು ಸತ್ತಿಲ್ಲ. ಆ ನಾಕು ಆಕಳಷ್ಟೇ ಯಾಕ ಸತ್ವು? ಬ್ಯಾಡ ಅಂತ ಹೇಳಿದ್ರೂ ಯಾರೋ ನೀರು ಹಾಕ್ಯಾರೆ. ಹಾಕಿದವರು ಯಾರು ಅಂತ ಮೊದ್ಲು ನೀವು ಪೊಲೀಸರಿಗೆ ಹೇಳ್ರಿ. ಆಮ್ಯಾಲೆ ನನ್ನ ಚೀಲದ ಮಾತು."

ಉಜ್ಜನಪ್ಪನವರ ಕೈ ತಾನಾಗೇ ಜೇಬಿನ ಬೆಣೆಯ ಮೇಲೆ ಹೋಗಿತ್ತು. ದಾರಿಯುದ್ದಕ್ಕೂ ಹಾಕಿದ ಲೆಕ್ಕವೆಲ್ಲ ತಲೆಕೆಳಗಾಗಿತ್ತು. ನೀರಿನ ಮಾತು ಬಿಟ್ಟರೆ ಫೀಡಿನ ಮಾತು ನಿಲ್ಲುವುದಿಲ್ಲ. ಇಪ್ಪತ್ತು ಮನೆಯ ಬದುಕಿದ ದನಗಳೇ ನಾಗಭೂಷಣನ ಸಾಕ್ಷಿ.

ಗೇಟಿನ ತನಕ ಬಿಡಲು ಬಂದ ನಾಗಭೂಷಣ್, ಕಾಕಿಗೆ ಕೇಳಿದೆ ಅಂತ ಹೇಳ್ರಿ ಎಂದು ಎಂದಿನಂತೆಯೇ ಹೇಳಿದ. ಉಜ್ಜನಪ್ಪ ಗಾಡಿ ತಿರುಗಿಸುವಾಗ ಹಿಂದೆ ನೋಡಿದರು. ಆಳುಗಳು ವಾಪಸು ಬಂದಿದ್ದರು. ಮಗುಚಿದ ಚೀಲ ಆಗಲೇ ಅಲ್ಲಿರಲಿಲ್ಲ.

*

ಹರಿಹರ ತಲುಪಿದಾಗ ಮೂರೂಕಾಲು. ಬಿಸಿಲಿಗೆ ಬತ್ತಿದ ತುಂಗಭದ್ರೆಯ ಕಡೆಯಿಂದ ಬಿಸಿಗಾಳಿ ಬರುತ್ತಿತ್ತು. ಠಾಣೆಯಲ್ಲಿ ವಿಜಯಕುಮಾರ್ ಕರವಸ್ತ್ರದ ಬಿಳಿ ಕಾಳನ್ನೂ ನೀಲಿ ಹಾಳೆಯನ್ನೂ ನೋಡಿದ. ಯೂರಿಯಾದ ಕಥೆಯನ್ನು ಮಧ್ಯೆ ಬಾಯಿ ಹಾಕದೆ ಕೇಳಿದ. ಕೊನೆಗೆ ಅವನೂ ನಾಗಭೂಷಣನ ಪ್ರಶ್ನೆಯನ್ನೇ ಕೇಳಿದ: ನೀರು ಸುರಿದವರು ಯಾರು? ಸಣ್ಣತಿಮ್ಮಪ್ಪ ತಾನೇ ಸುರಿದೆ, ಯೂರಿಯಾ ಇರುವುದು ತಿಳಿಯದೆ ಸುರಿದೆ ಎಂದು ಬಾಯಿಬಿಟ್ಟು ಹೇಳಿದರೆ ದೂರಿನ ದಿಕ್ಕೇ ಬದಲಾಗುತ್ತದೆ. ಹೋಗೇ ಇಲ್ಲ ಎಂದು ಸಾಧಿಸಿದರೆ, ಕದ್ದು ಹೋಗಿ ವಿಷ ಹಾಕಿದವನೆಂದೇ ಬರೆಯಬೇಕಾಗುತ್ತದೆ.

ಒಳಗಿನ ಕೋಣೆಯ ಬೆಂಚಿನ ಮೇಲೆ ಸಣ್ಣತಿಮ್ಮಪ್ಪ ಟವೆಲ್ಲು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಗೆಳೆಯನನ್ನು ಕಂಡು ಎದ್ದು ಜಾಗ ಬಿಟ್ಟ.

"ಯಾರು ಹಾಕಿದ್ದು ಅಂತ ಸಿಕ್ತಾ ಉಜ್ಜಣ್ಣ?"

ಅವನ ದನಿಯಲ್ಲಿ ತನ್ನ ಚಿಂತೆ ಇರಲಿಲ್ಲ. ಆ ನಾಲ್ಕೂ ಅವನ ತಾಯಿಯ ಕೆಂದಾಕಳ ವಂಶದವು. ಮೂರು ದಿನದಿಂದ ಅವನು ಸಾವಿನ ಮನೆಯವನಂತೆ ಕೂತಿದ್ದ.

ಉಜ್ಜನಪ್ಪನವರಿಗೆ ಆಗ ಪೂರ್ತಿ ಅರ್ಥವಾಯಿತು. ಇವನನ್ನು ಬಿಡಿಸಬೇಕಾದರೆ ಇವನಿಂದ ನಿಜ ಹೇಳಿಸಬೇಕು. ಹೇಳಿಸಬೇಕಾದರೆ, ನಿನ್ನ ಕೈಯ ನೀರೇ ಅವನ್ನು ಕೊಂದಿತು ಎಂದು ಇವನಿಗೆ ತಿಳಿಸಬೇಕು. ಇಷ್ಟು ವರ್ಷದಲ್ಲಿ ಎಷ್ಟೋ ಮನೆಗಳಲ್ಲಿ ನಿಂತು, ನಿಮ್ಮ ದನ ಬದುಕುವುದಿಲ್ಲ ಎಂದು ಹೇಳಿದ್ದರು. ಇಷ್ಟು ಕಷ್ಟ ಯಾವತ್ತೂ ಆಗಿರಲಿಲ್ಲ.

ಜೇಬಿನಿಂದ ಬೆಣೆಯನ್ನು ತೆಗೆದು ಬೆಂಚಿನ ಮೇಲಿಟ್ಟರು.

ಸಣ್ಣತಿಮ್ಮಪ್ಪ ಅದನ್ನು ನೋಡಿದ. ಕೈಗೆತ್ತಿಕೊಂಡು, ಸಡಿಲವಾಗಿದ್ದ ನಾರನ್ನು ಹೆಬ್ಬೆರಳಿನಿಂದ ಸರಿಮಾಡಿದ. ಆಮೇಲೆ ಅವನಾಗೇ ಮೆಲ್ಲಗೆ ಹೇಳಿದ. ಆಕಳು ಕೂಗುವುದನ್ನು ಕೇಳುತ್ತಾ ಹಾಸಿಗೆಯಲ್ಲಿ ಹೊರಳಾಡಿದ್ದ. ಬೆಳಗಾದರೂ ಯಾರೂ ಬರಲಿಲ್ಲ. ಆ ಕೂಗಿನಲ್ಲಿ ಅವ್ವನೇ ಕರೆದಂತಾಯಿತು, ಆಣೆ ಮುರಿದು ಓಣಿ ದಾಟಿದ. ಹಸಿದಿದ್ದಾವೆ ಎಂದು ಎರಡರಷ್ಟು ಫೀಡು ಹಾಕಿದ. ಬಾನಿ ತೊಳೆದು, ಅವ್ವನ ಹಾಗೇ ನೆನೆಸಿ, ಕೈಯಾಡಿಸಿ ಕುಡಿಸಿದ. ಹನ್ನೆರಡು ವರ್ಷದ ಮೇಲೆ ಅವುಗಳ ಕೊರಳಡಿ ಜೋಲುವ ಗಂಗೆದೊಗಲು ಸವರಿ ಬಂದ. ದೇವರೆದುರು ಆಡಿದ ಮಾತು ಮುರಿದೆನೆಂದು ಊರಿಗೆ ಹೇಳಲು ನಾಚಿಕೆಯಾಗಿ, ಹೋಗೇ ಇಲ್ಲ ಎಂದಿದ್ದ.

"ನಾ ಬಂದ ಮ್ಯಾಲೆ ಯಾರೋ ಬಂದು ವಿಷ ಹಾಕ್ಯಾರೆ ಉಜ್ಜಣ್ಣ. ನಾನು ಅಲ್ಲೇ ಕೂತಿದ್ರೆ ಉಳಿಸ್ತಿದ್ದೆ."

ಯಾರೂ ಬರಲಿಲ್ಲ ಎಂದು ಉಜ್ಜನಪ್ಪ ಹೇಳಿದರು. ಯೂರಿಯಾದ ಸಂಗತಿ, ಬಿಳಿ ಕಾಳು ಮುದ್ದೆಗಟ್ಟಿದ ಚೀಲ, ನೀರಿನಲ್ಲಿ ಕರಗಿ ಒಮ್ಮೆಲೇ ಹೊಟ್ಟೆಗಿಳಿದದ್ದು, ಎಲ್ಲವನ್ನೂ ಆದಷ್ಟು ಮೆತ್ತಗೆ ಹೇಳಿದರು. ತಪ್ಪು ಮಿಲ್ಲಿನದು, ನಿನ್ನದಲ್ಲ ಎಂದು ಎರಡೆರಡು ಸಲ ಹೇಳಿದರು.

ಸಣ್ಣತಿಮ್ಮಪ್ಪ ಕೇಳಿದ್ದು ಒಂದೇ.

"ನಾ ನೆನೆಸದೆ ಒಣದೇ ಇಟ್ಟಿದ್ರೆ?"

ಸುಳ್ಳು ಹೇಳಬಹುದಿತ್ತು. ಮೂವತ್ತಾರು ವರ್ಷದ ಗೆಳೆಯನ ಮುಖ ನೋಡಿಕೊಂಡು ಸುಳ್ಳು ನಾಲಿಗೆಗೆ ಬರಲಿಲ್ಲ.

"ಬದುಕ್ತಿದ್ವೇನೋ," ಎಂದರು.

ಮಿಕ್ಕದ್ದನ್ನು ಅವನು ಕೇಳಿಸಿಕೊಳ್ಳಲೇ ಇಲ್ಲ. ಇದನ್ನೇ ಹೊರಗೆ ಬಂದು ಹೇಳು, ಗೊತ್ತಿಲ್ಲದೆ ಆಯಿತು ಅಂತ ಹೇಳು, ಅಷ್ಟು ಸಾಕು ಎಂದು ಉಜ್ಜನಪ್ಪ ಬೇಡಿಕೊಳ್ಳುತ್ತಿರುವಾಗ ಬಾಗಿಲಾಚೆ ಬಳೆಯ ಸದ್ದಾಯಿತು. ಮೂರೂವರೆಯ ಬಸ್ಸಿಗೆ ಇಳಿದ ಕಮಲಕ್ಕ ವಿಜಯಕುಮಾರನ ಮೇಜಿನ ಮುಂದೆ ನಿಂತಿದ್ದಳು. ಬರೆದಿಟ್ಟ ದೂರಿನ ಕಾಗದ ಅವಳ ಎದುರಿಗಿತ್ತು.

ಸಣ್ಣತಿಮ್ಮಪ್ಪ ಎದ್ದು ಹೊರಗೆ ನಡೆದ. ತಡೆಯಲು ಚಾಚಿದ ಉಜ್ಜನಪ್ಪನವರ ಕೈ ಅವನ ಟವೆಲ್ಲಿಗೆ ಮಾತ್ರ ತಾಗಿತು. ತಮ್ಮನ ಹೆಂಡತಿಯ ಮುಂದೆ ಹೋಗಿ ನಿಂತ. ಹನ್ನೆರಡು ವರ್ಷದಲ್ಲಿ ಅವಳ ಜೊತೆ ಆಡಿದ ಮೊದಲ ಮಾತು ಅದು.

"ಕಮಲಾ, ನಿನ್ನ ಆಕಳನ್ನ ನಾನೇ ಕೊಂದೀನವ್ವ. ಈ ಕೈಯಾರೆ."

ವಿಜಯಕುಮಾರ್ ಪೆನ್ನಿನ ಮುಚ್ಚಳ ತೆಗೆದ. ಉಜ್ಜನಪ್ಪ ಮುಂದೆ ಬಂದು, ಸ್ವಲ್ಪ ತಡೀರಿ ಸರ್, ಅವನ ಮಾತಿನ ಅರ್ಥ ಬೇರೆ ಎಂದರು. ಅವರೇ ಒಪ್ಪಿಕೊಂಡರಲ್ಲ ಎನ್ನುತ್ತ ವಿಜಯಕುಮಾರ್ ಬರೆಯತೊಡಗಿದ.

ಕಮಲಕ್ಕ ಭಾವನ ಮುಖವನ್ನೇ ನೋಡುತ್ತಿದ್ದಳು. ಅವಳಿಗೆ ನಂಬಿಕೆ ಬಂದಿರಲಿಲ್ಲ. ಗಂಡ ಸತ್ತ ದಿನ ಓಣಿಯ ಕೊನೆಯಲ್ಲಿ ನಿಂತು ಅತ್ತ ಮನುಷ್ಯ ಇವನು. ಅವಳು ಉಜ್ಜನಪ್ಪನವರ ಕಡೆ ತಿರುಗಿದಳು.

"ಕಾಂಪೌಂಡ್ರೆ, ನಮ್ಮ ಅತ್ತಿ ನಿಮ್ಮನ್ನ ಮಗ ಅಂತಿದ್ಲು. ನೀವು ಹೇಳಿದ್ರೆ ನಂಬ್ತೀನಿ. ಇವ್ರು ಹೇಳೋದು ಹೌದೇನ್ರಿ?"

ಸಣ್ಣತಿಮ್ಮಪ್ಪ ಕೂಡ ಅವರನ್ನೇ ನೋಡುತ್ತಿದ್ದ. ಅಲ್ಲ ಎಂದುಬಿಟ್ಟರೆ ನೀರಿನ ಮಾತು ಬಿದ್ದುಹೋಗುತ್ತದೆ, ಅದರ ಜೊತೆ ಮಿಲ್ಲಿನ ಮೇಲಿನ ಮಾತೂ ಬೀಳುತ್ತದೆ.

"ಹೌದವ್ವ," ಎಂದರು ಉಜ್ಜನಪ್ಪ. "ಆದ್ರೆ ಅದು..."

ಅವರು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕಮಲಕ್ಕ ಮೇಜಿನ ಮೇಲೆ ಬಗ್ಗಿ ದೂರಿಗೆ ಸಹಿ ಹಾಕಿಬಿಟ್ಟಿದ್ದಳು.